ಹಗ್ಗ ಮೂರು ಸಲ ಜಗ್ಗಿದರೆ

ನಾನು ಕೆಲಸ ಮಾಡಿದ್ದು ನೀರಿನ ಅಡಿಯಲ್ಲಿ. ಕಡತದಲ್ಲಿ ನನ್ನ ಹುದ್ದೆಗೆ ‘ಮುಳುಗುಗಾರ’ ಎಂದು ಬರೆದಿದ್ದರು. ಬಂಟ್ವಾಳದ ಕಡೆಯ ಜನ ‘ನೀರಿನ ಐತಪ್ಪ’ ಎನ್ನುತ್ತಿದ್ದರು. ಈಗ ಈ ಕೆಲಸಕ್ಕೆ ಸೇರುವ ತರುಣರು ಬೆನ್ನಿಗೆ ಸಿಲಿಂಡರು, ಕೈಗೆ ಗಡಿಯಾರ, ಹಣೆಗೆ ದೀಪ ಕಟ್ಟಿಕೊಂಡು ಬರುತ್ತಾರೆ. ಅಂಥವರಲ್ಲಿ ಇಬ್ಬರು ಕಳೆದ ಮಳೆಗಾಲಕ್ಕೆ ಮುಂಚೆ ನನ್ನಲ್ಲಿಗೆ ಬಂದು, ರಾತ್ರಿ ನೀರಿಗಿಳಿಯುವಾಗ ಏನೇನು ಜಾಗ್ರತೆ ಬೇಕು ಎಂದು ಕೇಳಿದರು. ಪುಸ್ತಕದಲ್ಲಿರುವುದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಅದರಲ್ಲಿ ಇಲ್ಲದ್ದು ನಾನು ಮಾಡಿದ ತಪ್ಪುಗಳು. ಅವನ್ನು ಬರೆದಿಡುತ್ತೇನೆ ಎಂದು ಮಾತು ಕೊಟ್ಟೆ.

ಐವತ್ತರ ದಶಕದ ನಡುಭಾಗದಲ್ಲಿ ಬಂಟ್ವಾಳದಿಂದ ಸ್ವಲ್ಪ ಮೇಲೆ ನೇತ್ರಾವತಿಗೆ ಹೊಸ ಸೇತುವೆ ಕಟ್ಟಲು ಅಳತೆ ನಡೆಯುತ್ತಿತ್ತು. ಎರಡು ದೋಣಿಗಳನ್ನು ಸೇರಿಸಿ ಮೇಲೆ ಹಲಗೆ ಹಾಸಿದ ಜೋಡುದೋಣಿಯಲ್ಲಿ ಎಂಜಿನಿಯರರು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದರು. ನಾನು ಅದಕ್ಕೆ ಗಳ ಊರುವವನು. ಒಂದು ದಿನ ನಡುನೀರಿನಲ್ಲಿ ದೋಣಿ ಓಲಾಡಿ, ಅಳತೆಯ ದುರ್ಬೀನು ಇದ್ದ ಮರದ ಪೆಟ್ಟಿಗೆ ಜಾರಿ ನೀರಿಗೆ ಬಿತ್ತು. ಎಂಜಿನಿಯರರು ಹಲಗೆಯ ಮೇಲೆ ತಲೆಗೆ ಕೈ ಹೊತ್ತು ಕುಳಿತುಬಿಟ್ಟರು. ನಾನು ಲಂಗರಿನ ಕಲ್ಲನ್ನು ಎದೆಗೆ ಅವಚಿಕೊಂಡು ಹಾರಿದೆ. ಮೂರು ಸಲ ಬರಿಗೈಯಲ್ಲಿ ಬಂದೆ. ನಾಲ್ಕನೆಯ ಸಲ ಪೆಟ್ಟಿಗೆಯ ಹಿಡಿ ಕೈಗೆ ಸಿಕ್ಕಿತು.

“ಎಷ್ಟು ಹೊತ್ತು ಉಸಿರು ಕಟ್ತೀ ನೀನು?” ಎಂದು ಎಂಜಿನಿಯರರು ಕೇಳಿದರು.

“ಲೆಕ್ಕ ಹಾಕ್ಲಿಲ್ಲ ಸ್ವಾಮಿ. ಎದೆ ಒಡೀತದೆ ಅಂತ ಕಂಡಾಗ ಮೇಲೆ ಬರ್ತೇನೆ.”

ಅವರ ಹಿಂದೆ ಕುಳಿತಿದ್ದ ಗಡ್ಡದ ಮನುಷ್ಯರೊಬ್ಬರು ತಲೆಯೆತ್ತದೆ ಹೇಳಿದರು: “ಎದೆ ಒಡೀತದೆ ಅಂತ ಕಂಡಾಗ ಬರುವವ ಒಂದು ದಿನ ಬರುವುದೇ ಇಲ್ಲ.”

ಅವರೇ ಮೂಸಾಕ. ಹೆಸರು ಮೂಸಾ, ಹಿರಿಯರೆಂದು ಎಲ್ಲರೂ ಕಾಕ ಸೇರಿಸಿ ಕರೆಯುತ್ತಿದ್ದರು. ಮಲಬಾರಿನ ಬಂದರುಗಳಲ್ಲಿ ಹಡಗಿನ ತಳ ನೋಡುವ ಕೆಲಸ ಮಾಡಿ, ತಾಮ್ರದ ಟೋಪಿ ಹಾಕಿ ನೀರಿಗಿಳಿಯುವುದನ್ನು ಕಲಿತವರು. ಸೇತುವೆಯ ಕೆಲಸಕ್ಕೆಂದು ಅವರನ್ನು ಕರೆಸಿದ್ದರು. ಮರುದಿನದಿಂದ ನಾನು ಅವರ ಕೈಕೆಳಗೆ.

ಸೇತುವೆಯ ಕಂಬಕ್ಕೆ ಅಡಿಪಾಯ ಹಾಕುವ ಕ್ರಮವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಹೊಳೆಯ ಮರಳಿನ ಮೇಲೆ ಕಾಂಕ್ರೀಟಿನ ದೊಡ್ಡ ಬಳೆ ಕಟ್ಟುತ್ತಾರೆ. ನಾವು ಅದನ್ನು ಬಾವಿ ಎನ್ನುತ್ತಿದ್ದೆವು. ಒಳಗಿನ ಮರಳನ್ನು ತೆಗೆದಂತೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮೇಲೆ ಇನ್ನಷ್ಟು ಕಟ್ಟುತ್ತಾರೆ. ಬಂಡೆ ಸಿಗುವವರೆಗೆ ಹೀಗೆಯೇ. ನಡುವೆ ಒಂದು ಕಲ್ಲೋ ಮರದ ದಿಮ್ಮಿಯೋ ಬಾವಿಯ ಅಂಚಿಗೆ ಸಿಕ್ಕಿಕೊಂಡರೆ ಇಡೀ ಬಾವಿ ವಾಲುತ್ತದೆ. ಆಗ ಒಬ್ಬ ಮನುಷ್ಯ ಒಳಗಿಳಿದು ಕೈಯಿಂದ ತಡವಿ ಅದನ್ನು ತೆಗೆಯಬೇಕು. ಆರಾಳುದ್ದದ ಆಳದಲ್ಲಿ, ಕದಡಿದ ನೀರಿನಲ್ಲಿ, ನಡುಮಧ್ಯಾಹ್ನವೂ ರಾತ್ರಿಯೇ. ಹಾಗಾಗಿ ರಾತ್ರಿಯಲ್ಲಿ ಮುಳುಗುವುದನ್ನು ಕಲಿಯದವನಿಗೆ ಆ ಕೆಲಸದಲ್ಲಿ ಜಾಗವಿರಲಿಲ್ಲ.

ಮೊದಲ ಎರಡು ತಿಂಗಳು ಮೂಸಾಕ ನನ್ನನ್ನು ನೀರಿಗೇ ಬಿಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗಕ್ಕೆ ಗಂಟು ಹಾಕಿಸಿದರು, ಬಿಚ್ಚಿಸಿದರು. ಕಣ್ಣು ಕಟ್ಟಿಯೇ ತಾಮ್ರದ ಟೋಪಿಯ ತಿರುಪುಗಳನ್ನು ಬಿಚ್ಚಿ ಜೋಡಿಸಬೇಕು. ಆ ಟೋಪಿಯನ್ನು ಕೂಲಿಯವರು ‘ಹಂಡೆ’ ಎನ್ನುತ್ತಿದ್ದರು. ನೋಡಲಿಕ್ಕೆ ಹಾಗೆಯೇ ಇತ್ತು. ರಬ್ಬರಿನ ಅಂಗಿ, ಸೀಸದ ಅಡಿಯ ಬೂಟು, ಎದೆಗೊಂದು ಬೆನ್ನಿಗೊಂದು ಸೀಸದ ಗುಂಡು. ಮೇಲಿನಿಂದ ಇಬ್ಬರು ಚಕ್ರ ತಿರುಗಿಸಿ ಪಂಪಿನಿಂದ ಕೊಳವೆಯಲ್ಲಿ ಗಾಳಿ ಕಳಿಸಬೇಕು. ಮೂರನೆಯವನು ಹಗ್ಗ ಹಿಡಿದಿರಬೇಕು.

“ಗಾಳಿಯವರಿಬ್ಬರು ನಿನ್ನ ಶ್ವಾಸ. ಹಗ್ಗದವ ನಿನ್ನ ಕಣ್ಣು,” ಎಂದರು ಮೂಸಾಕ. “ಕೆಳಗೆ ಇದ್ದಾಗ ನಿನಗೆ ಎಂತದೂ ಗೊತ್ತಿಲ್ಲ. ಗೊತ್ತುಂಟು ಅಂತ ಕಂಡರೆ ಅದು ಸುಳ್ಳು. ಮೇಲಿನವನಿಗೆ ಗೊತ್ತು.”

ಹಗ್ಗದ ಭಾಷೆ ಬಹಳ ಸಣ್ಣದು. ಮೇಲಿನಿಂದ ಒಂದು ಜಗ್ಗಿದರೆ ‘ಸರಿ ಇದ್ದೀಯಾ?’ ನಾನೂ ಒಂದು ಜಗ್ಗಿದರೆ ‘ಇದ್ದೇನೆ’. ಎರಡು ಅಂದರೆ ಗಾಳಿ ಹೆಚ್ಚಿಸಿ. ಮೂರು ಅಂದರೆ ಮೇಲೆ. ನಾನು ಮೂರು ಜಗ್ಗಿದರೆ ಅವರು ಎತ್ತಬೇಕು. ಅವರು ಮೂರು ಜಗ್ಗಿದರೆ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಬರಬೇಕು. ಏಕೆ ಎಂದು ಕೇಳಲು ಆ ಭಾಷೆಯಲ್ಲಿ ಸಂಜ್ಞೆಯೇ ಇರಲಿಲ್ಲ.

ರಾತ್ರಿಯ ಪಾಠಕ್ಕೆ ಮೂಸಾಕ ಆರಿಸಿದ್ದು ತೋಡಾರಿನ ಹತ್ತಿರ ಕಲ್ಲು ಕಡಿದು ಕೈಬಿಟ್ಟ ಕೆಂಪುಕಲ್ಲಿನ ಕೋರೆಯನ್ನು. ಮಳೆನೀರು ತುಂಬಿ ನಿಂತಿತ್ತು, ಸೆಳವಿಲ್ಲ. ಸಂಜೆ ಬಂಟ್ವಾಳದಿಂದ ಸಾಮಾನಿನ ಲಾರಿಯಲ್ಲಿ ಹೋಗಿ, ಕತ್ತಲಾದ ಮೇಲೆ ಇಳಿಯುವುದು. ದಂಡೆಯಲ್ಲಿ, ನಾನು ಹತ್ತಿ ಬರಬೇಕಾದ ಜಾಗದಲ್ಲಿಯೇ, ಎರಡು ಲಾಟೀನುಗಳನ್ನು ಒಂದರ ಮೇಲೊಂದು ತೂಗುಹಾಕುತ್ತಿದ್ದರು. ಒಂದೇ ದೀಪವಾದರೆ ಯಾರದೋ ಮನೆಯ ದೀಪ ಇರಬಹುದು. ಮೇಲೆ ಕೆಳಗೆ ಎರಡಿದ್ದರೆ ಅದು ನಮ್ಮದೇ. ಇಂದಿಗೂ ಇದನ್ನು ಬಿಡಬೇಡಿ ಎಂದು ತರುಣರಿಗೆ ಹೇಳುತ್ತೇನೆ. ರಾತ್ರಿ ನೀರಿನಿಂದ ತಲೆ ಎತ್ತಿದವನಿಗೆ ದಡ ಯಾವ ಕಡೆ ಎಂದು ತಿಳಿಯದಿದ್ದರೆ ಅವನು ಅರ್ಧ ಸತ್ತ ಹಾಗೆ.

ಆ ಕೋರೆಯಲ್ಲಿ ಮೊದಲ ರಾತ್ರಿ ನಾನು ಹೆದರಿದೆ. ಟೋಪಿಯ ಗಾಜಿನಾಚೆ ಏನೂ ಇರಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ನನ್ನ ಉಸಿರಿನ ಸದ್ದು ಹಂಡೆಯೊಳಗೆ ಬೇರೆ ಯಾರದೋ ಉಸಿರಿನಂತೆ ಕೇಳಿಸಿತು. ಮೇಲಿನಿಂದ ಒಂದು ಜಗ್ಗಿತು. ನಾನೂ ಒಂದು ಜಗ್ಗಿದೆ. ಸರಿ ಇದ್ದೇನೆ ಎಂದು. ಮತ್ತೆ ಕೇಳಿದರು, ಮತ್ತೆ ಹಾಗೆಯೇ ಹೇಳಿದೆ. ಕೂಡಲೇ ಮೂರು ಬಂತು; ಮೇಲೆ ಎಳೆದರು.

ಟೋಪಿ ತೆಗೆದವರೇ ಮೂಸಾಕ ಕೇಳಿದರು, “ಹೆದರಿಕೆ ಆಯ್ತಾ?”

“ಇಲ್ಲ ಕಾಕ.”

“ಹಗ್ಗ ನಡುಗ್ತಾ ಇತ್ತು ಮಾರಾಯ. ನನ್ನತ್ರ ಸುಳ್ಳು ಹೇಳು, ಪರವಾಗಿಲ್ಲ. ಹಗ್ಗದಲ್ಲಿ ಹೇಳಬೇಡ.” ಟೋಪಿಯನ್ನು ಕೆಳಗಿಟ್ಟು ಹೇಳಿದರು: “ನನಗೂ ಹೆದರಿಕೆ ಉಂಟು. ಇಪ್ಪತ್ತು ವರ್ಷ ಆಯ್ತು, ಇನ್ನೂ ಉಂಟು. ಅದು ಹೋದ ದಿನ ನಾನು ಇಳಿಯುದಿಲ್ಲ.”

ಕೋರೆಯ ಪಾಠ ಮುಗಿದ ಮೇಲೆ ಟೋಪಿಯಿಲ್ಲದೆ, ಸೊಂಟಕ್ಕೆ ಹಗ್ಗ ಮಾತ್ರ ಕಟ್ಟಿ, ಮೂಡುಬಿದಿರೆಯ ಒಂದು ಕೆರೆಯಲ್ಲಿ ಇಳಿಸಿದರು. ಆ ಕೆರೆಯಲ್ಲಿ ರಾತ್ರಿ ಕಾಲು ಹಿಡಿದು ಎಳೆಯುವುದೇನೋ ಉಂಟು ಎಂದು ಸುತ್ತಲಿನವರು ಹೇಳುತ್ತಿದ್ದರು. ಎರಡಾಳು ಆಳದಲ್ಲಿ ಅದು ನನ್ನನ್ನೂ ಹಿಡಿಯಿತು. ಮೊದಲು ಪಾದ, ಮತ್ತೆ ಮೊಣಕಾಲು. ಕಾಲು ಝಾಡಿಸಿ ಒದ್ದೆ. ಒದ್ದಷ್ಟೂ ಬಿಗಿಯಾಯಿತು. ಆಗ ನೆನಪಾದದ್ದು ಮೂಸಾಕ ದಿನಾ ಹೇಳುತ್ತಿದ್ದ ಒಂದು ಮಾತು: ಸಿಕ್ಕಿಬಿದ್ದರೆ ಮೊದಲು ಸುಮ್ಮನಿರು. ಸುಮ್ಮನಾದೆ. ಕೈಯನ್ನು ಕಾಲಿನ ಉದ್ದಕ್ಕೂ ಜಾರಿಸಿ ನೋಡಿದರೆ ತಾವರೆಯ ದಂಟುಗಳು, ಬೆರಳಿನಷ್ಟು ದಪ್ಪದವು, ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಸೊಂಟದ ಚೂರಿ ತೆಗೆದು ಒಂದೊಂದಾಗಿ ಕೊಯ್ದು ಬಂದೆ. ಬೆಳಿಗ್ಗೆ ಕೆರೆಯ ಪಕ್ಕದ ಮನೆಯವರೊಬ್ಬರಿಗೆ, ಕಾಲು ಹಿಡಿಯುವುದು ಇದೇ ಎಂದು ದಂಟನ್ನು ತೋರಿಸಿದೆ. ಅವರು ಅದನ್ನು ನೋಡಿ, “ಅದು ದಂಟಿನ ರೂಪದಲ್ಲಿ ಬಂದದ್ದು,” ಎಂದರು. ಅವರೊಡನೆ ವಾದ ಮಾಡಲಿಲ್ಲ. ಚೂರಿಯನ್ನು ಮಾತ್ರ ಆಮೇಲೆ ಯಾವತ್ತೂ ಬಿಡಲಿಲ್ಲ. ಎರಡು ಕೈಗೂ ಎಟಕುವ ಹಾಗೆ ಹೊಟ್ಟೆಯ ನೇರಕ್ಕೆ ಕಟ್ಟಿಕೊಳ್ಳಿ. ಬಲಗೈ ಯಾವಾಗಲೂ ಬಿಡುವಾಗಿರುತ್ತದೆ ಎಂದು ನಂಬಬೇಡಿ.

ಇನ್ನು ನನ್ನ ದೊಡ್ಡ ತಪ್ಪಿನ ಮಾತು.

ಸೇತುವೆಯ ಕೆಲಸದ ಎರಡನೆಯ ಬೇಸಿಗೆ ಮುಗಿಯುತ್ತ ಬಂದಿತ್ತು. ನಾಲ್ಕನೆಯ ಬಾವಿ ವಾಲಿತು. ಘಟ್ಟದ ಮೇಲೆ ದಿನಾ ಸಂಜೆ ಮಿಂಚು ಕಾಣುತ್ತಿತ್ತು. ಹೊಳೆ ಏರಿದರೆ ಬಾವಿ ಮಲಗಿಬಿಡುತ್ತದೆ ಎಂದು ಎಂಜಿನಿಯರರಿಗೆ ನಿದ್ದೆಯಿರಲಿಲ್ಲ. ಹಗಲು ಮೂಸಾಕ ಇಳಿದು ತಡವಿ, ಅಂಚಿನ ಕೆಳಗೆ ಮರದ ದಿಮ್ಮಿ ಇದೆ, ಗರಗಸದಿಂದ ಕೊಯ್ಯಬೇಕು ಎಂದರು. ಅರ್ಧ ಅವರು ಕೊಯ್ದರು. ರಾತ್ರಿಯ ಪಾಳಿ ನನ್ನದು. ಹಗ್ಗ ಹಿಡಿದವರು ಮೂಸಾಕ.

ಬಾವಿಯ ಒಳಗಿನ ನೀರು ಹೊರಗಿನ ಹೊಳೆಗಿಂತ ತಗ್ಗಬಾರದು. ತಗ್ಗಿದರೆ ಹೊರಗಿನ ನೀರಿನ ಒತ್ತಡಕ್ಕೆ ಅಡಿಯಿಂದ ಮರಳು ನುಗ್ಗುತ್ತದೆ. ಅದಕ್ಕೆಂದೇ ಒಳಗೋಡೆಗೆ ಬಿಳಿ ಬಣ್ಣದ ಗೆರೆ ಎಳೆದು, ಹೊರಗಿನಿಂದ ಪಂಪಿನಲ್ಲಿ ನೀರು ಬಿಡುತ್ತಿದ್ದರು. ಆ ರಾತ್ರಿ ಆ ನೀರಿನ ಪಂಪು ನಿಂತಿತು. ಮೇಲೆ ಲಾಟೀನಿನ ಬೆಳಕಿನಲ್ಲಿ ಮೂಸಾಕರಿಗೆ ಬಿಳಿ ಗೆರೆಯ ಕೆಳಗೆ ಒದ್ದೆ ಗೋಡೆ ಕಂಡಿತು. ಅವರು ಹಗ್ಗವನ್ನು ಮೂರು ಸಲ ಜಗ್ಗಿದರು.

ಕೆಳಗೆ ನನ್ನ ಗರಗಸ ದಿಮ್ಮಿಯ ಕೊನೆಯ ನಾಲ್ಕು ಬೆರಳಿನಲ್ಲಿತ್ತು. ಇನ್ನು ಹತ್ತು ಎಳೆತ, ಹೆಚ್ಚೆಂದರೆ ಹದಿನೈದು. ನಾನು ಒಂದು ಜಗ್ಗಿದೆ: ಸರಿ ಇದ್ದೇನೆ. ಮತ್ತೆ ಮೂರು ಬಂತು, ಈ ಸಲ ಜೋರಾಗಿ. ಬೆಳಿಗ್ಗೆ ಎಂಜಿನಿಯರರ ಎದುರು ‘ಆಯಿತು ಸ್ವಾಮಿ’ ಎಂದು ಹೇಳುವುದನ್ನು ನೆನೆಯುತ್ತ ನಾನು ಗರಗಸ ಎಳೆಯುತ್ತಲೇ ಇದ್ದೆ.

ಮೊದಲು ಪಾದದ ಕೆಳಗೆ ಮರಳು ಕುದಿಯುವ ಎಸರಿನ ಹಾಗೆ ಅಲುಗಾಡಿತು. ನಾನು ತಿರುಗುವಷ್ಟರಲ್ಲಿ ಮೊಣಕಾಲಿನವರೆಗೆ ಬಂತು. ಗರಗಸ ಬಿಟ್ಟು ಮೂರು ಜಗ್ಗಿದೆ. ಮೇಲಿನವರು ಎಳೆದರು; ನಾನು ಅಲುಗಲಿಲ್ಲ. ಮರಳು ಸೊಂಟಕ್ಕೆ ಬಂತು. ಇನ್ನೂ ಎಳೆದರೆ ಕೊಳವೆ ಹರಿಯುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಎಳೆತ ನಿಂತಿತು. ಗಾಳಿ ಮಾತ್ರ ಬರುತ್ತಿತ್ತು. ಚಕ್ರ ತಿರುಗಿಸುತ್ತಿದ್ದ ಇಬ್ಬರು ಒಂದು ಗಳಿಗೆಯೂ ಕೈ ಬಿಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವರ ಮುಖ ನೆನಪಿದೆ, ಹೆಸರು ಮರೆತಿದ್ದೇನೆ. ಅದು ನನ್ನ ಇನ್ನೊಂದು ಅಪರಾಧ.

ಎಷ್ಟು ಹೊತ್ತಾಯಿತೋ ತಿಳಿಯದು. ನನ್ನ ಭುಜವನ್ನು ಒಂದು ಕೈ ಮುಟ್ಟಿತು. ಬರಿಗೈ. ಮೂಸಾಕ ಎದೆಗೆ ಕಲ್ಲು ಅವಚಿ, ಟೋಪಿಯಿಲ್ಲದೆ, ನನ್ನ ಹಗ್ಗವನ್ನೇ ಹಿಡಿದುಕೊಂಡು ಆರಾಳು ಇಳಿದು ಬಂದಿದ್ದರು. ಆ ಕೈ ಕೆಳಗೆ ಜಾರಿ ನನ್ನ ತೊಡೆಯ ಸುತ್ತ ಮರಳು ಬಾಚತೊಡಗಿತು. ಆಮೇಲೆ ಇಲ್ಲವಾಯಿತು. ಉಸಿರಿಗಾಗಿ ಮೇಲೆ ಹೋದರು. ಮತ್ತೆ ಬಂದರು. ಐವತ್ತು ದಾಟಿದ ಮನುಷ್ಯ. ಎಷ್ಟು ಸಲ ಬಂದರು ಎಂದು ಎಣಿಸಲಿಲ್ಲ. ಅಷ್ಟರಲ್ಲಿ ಮೇಲಿನವರು ಬಕೆಟುಗಳಿಂದ ನೀರು ಸುರಿದು, ಪಂಪು ಸರಿಮಾಡಿ, ಒಳಗಿನ ನೀರನ್ನು ಗೆರೆಯವರೆಗೆ ಏರಿಸಿದರು. ಮರಳು ನುಗ್ಗುವುದು ನಿಂತಿತು. ಕೊನೆಗೆ ಮೂಸಾಕರ ಚೂರಿ ನನ್ನ ಬೂಟಿನ ಪಟ್ಟಿಗಳನ್ನು ಕೊಯ್ದದ್ದು ಗೊತ್ತಾಯಿತು. ಬೂಟು ಅಲ್ಲೇ ಉಳಿಯಿತು, ಕಾಲು ಈಚೆ ಬಂತು.

ಟೋಪಿ ತೆಗೆದಾಗ ಮೂಸಾಕ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಎರಡೂ ಕಿವಿಯಿಂದ ರಕ್ತ ಇಳಿಯುತ್ತಿತ್ತು. ನಾನು “ಕಾಕ, ಕಾಕ” ಎಂದು ಕೂಗಿದೆ. ಅವರು ನನ್ನ ಬಾಯಿಯನ್ನು ನೋಡಿದರು, ಅಷ್ಟೆ. ಅವಸರದಲ್ಲಿ ಮತ್ತೆ ಮತ್ತೆ ಇಳಿದು ಹತ್ತಿದ್ದಕ್ಕೆ ಕಿವಿಯ ತಮಟೆಗಳು ಹರಿದಿದ್ದವು. ಗಾಯ ಮಾಯಿತು, ಕೇಳುವುದು ಮರಳಿ ಬರಲಿಲ್ಲ.

ವಾರದ ಮೇಲೆ ವಿಚಾರಣೆ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ನನ್ನನ್ನೂ ಮೂಸಾಕರನ್ನೂ ಎದುರಿಗೆ ನಿಲ್ಲಿಸಿ, ಮೂರು ಜಗ್ಗಿದಾಗ ಇವನು ಏಕೆ ಬರಲಿಲ್ಲ ಎಂದು ಕಾಗದದಲ್ಲಿ ಬರೆದು ಮೂಸಾಕರಿಗೆ ತೋರಿಸಿದರು. ಮೂಸಾಕ ಅದನ್ನು ಬಹಳ ಹೊತ್ತು ಓದಿದರು.

“ಹಗ್ಗ ದಿಮ್ಮಿಗೆ ಸಿಕ್ಕಿಕೊಂಡಿತ್ತು ಸ್ವಾಮಿ. ಅವನಿಗೆ ತಲುಪಲಿಲ್ಲ.”

ಅಧಿಕಾರಿ ನನ್ನ ಕಡೆ ತಿರುಗಿ, “ಹೌದಾ?” ಎಂದರು.

“ಹೌದು,” ಎಂದೆ.

ಅದು ಹೌದಲ್ಲ ಎಂದು ನಾನು ಬರೆದು ಹೇಳುತ್ತಿರುವುದು ಇದೇ ಮೊದಲು. ಹಗ್ಗ ತಲುಪಿತ್ತು. ಎರಡು ಸಲ ತಲುಪಿತ್ತು.

ಆ ಸಂಜೆ ಹೊಳೆಯ ದಂಡೆಯಲ್ಲಿ ಅವರ ಕಾಲು ಹಿಡಿದೆ. ಅವರು ಕಾಲು ಎಳೆದುಕೊಂಡು ಹೇಳಿದರು: “ನಿನ್ನ ಕೆಲಸ ಹೋದರೆ ನಾನು ಇಳಿದದ್ದು ದಂಡ ಅಲ್ವಾ? ಅಳಬೇಡ, ಕೇಳುದಿಲ್ಲ ನನಗೆ. ಇನ್ನು ಮೂರು ಬಂದರೆ ಬಾ. ಅಷ್ಟು ಸಾಕು.”

ಸೇತುವೆ ಆಯಿತು. ನನ್ನ ಬೂಟುಗಳ ಮೇಲೆ ಕಾಂಕ್ರೀಟು ಬಿದ್ದು, ಅದರ ಮೇಲೆ ಕಂಬ ಎದ್ದು, ವಿಟ್ಲದ ಕಡೆಯ ಬಸ್ಸುಗಳೂ ಅದರ ಮೇಲೆಯೇ ಓಡಿದವು. ಹೊಳೆಗಳ ಸೇತುವೆಗಳನ್ನು ಮಳೆಗಾಲ ಕಳೆದ ಮೇಲೆ ನೋಡಿಕೊಂಡು ಬರಲು ನಮ್ಮಿಬ್ಬರನ್ನು ಖಾಯಂ ಇಟ್ಟುಕೊಂಡರು. ಮೂಸಾಕ ಇನ್ನು ಇಳಿಯುವ ಹಾಗಿರಲಿಲ್ಲ. ಹಗ್ಗ ಹಿಡಿಯಲು ಕಿವಿ ಬೇಡ ಎಂದು ದೊಡ್ಡ ಎಂಜಿನಿಯರರಿಗೆ ಅವರೇ ಹೋಗಿ ಹೇಳಿ, ನನ್ನ ಹಗ್ಗದವರಾಗಿ ಉಳಿದರು. ಯಾರಾದರೂ ಮುಳುಗಿದರೆ ಪೊಲೀಸರೂ ನಮ್ಮನ್ನು ಕರೆಯುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು ಬಂತು. ಬಂದರಿನಿಂದ ಬಂದ ಒಬ್ಬ ಶಿಕ್ಷಕರು ಮಂಗಳೂರಿನಲ್ಲಿ ಹದಿನೈದು ದಿನ ಕಲಿಸಿದರು. ಹಂಡೆಯಿಲ್ಲ, ಸೀಸದ ಬೂಟಿಲ್ಲ, ಪಂಪು ತಿರುಗಿಸುವವರಿಲ್ಲ. ಮೀನಿನ ಹಾಗೆ ಹೋಗಬಹುದು. ನನಗೆ ಹಗುರವೆನಿಸಿತು. ಹೊಸ ಅಪಾಯಗಳನ್ನೂ ಅವರೇ ಹೇಳಿಕೊಟ್ಟರು. ಮೇಲೇರುವಾಗ ಉಸಿರು ಕಟ್ಟಬಾರದು. ಕಟ್ಟಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ನಿಮ್ಮ ಗುಳ್ಳೆಗಳಿಗಿಂತ ವೇಗವಾಗಿ ಏರಬಾರದು. ರಾತ್ರಿ ಗುಳ್ಳೆ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಅವರು ಯೋಚಿಸಿ, ಕೆನ್ನೆಯ ಪಕ್ಕ ಕೈ ಇಟ್ಟುಕೋ, ಗುಳ್ಳೆ ಬೆರಳು ದಾಟಿ ಹೋಗುವುದು ಗೊತ್ತಾಗಬೇಕು ಎಂದರು. ಇನ್ನೊಂದು ಕೈ ತಲೆಯ ಮೇಲೆ ಚಾಚಿರಲಿ, ದೋಣಿಯ ತಳ ಇರಬಹುದು. ಗಾಳಿಯನ್ನು ಮೂರು ಪಾಲು ಮಾಡು: ಹೋಗಲಿಕ್ಕೆ ಒಂದು, ಬರಲಿಕ್ಕೆ ಒಂದು, ತಪ್ಪಿಗೆ ಒಂದು. ಮೂರನೆಯದನ್ನು ಮುಟ್ಟುವ ಹಾಗಿಲ್ಲ.

ನೀರಿನೊಳಗಿನ ದೀಪವನ್ನೂ ಕೊಟ್ಟರು. ಕೆಂಪು ನೀರಿನಲ್ಲಿ ಅದನ್ನು ಹೊತ್ತಿಸಿದರೆ ಮುಖದ ಮುಂದೆ ಗೋಡೆ ಎದ್ದ ಹಾಗೆ ಆಗುತ್ತಿತ್ತು; ಆರಿಸಿದರೇ ಕೈಗಳಿಗೆ ಬುದ್ಧಿ ಬರುತ್ತಿತ್ತು. ಹಗ್ಗ ಇನ್ನು ಬೇಡ ಎಂದು ಶಿಕ್ಷಕರು ಹೇಳಿದ್ದನ್ನು ಮಾತ್ರ ನಾನು ಒಪ್ಪಲಿಲ್ಲ. ಜೊತೆಗೆ ಇಳಿಯಲು ಇನ್ನೊಬ್ಬನಿದ್ದರೆ ಆ ಮಾತು ಬೇರೆ. ನಾನು ಒಬ್ಬನೇ.

ಮರುವರ್ಷ ಮಳೆಗಾಲದ ಕೊನೆಯಲ್ಲಿ ಬೆಳ್ತಂಗಡಿಯಿಂದ ಕರೆ ಬಂತು. ಲಾಯಿಲದ ಕಡೆಯಿಂದ ಹೊಳೆ ದಾಟುತ್ತಿದ್ದ ಸಣ್ಣ ದೋಣಿ ಸಂಜೆ ಮಗುಚಿತ್ತು. ನಾಲ್ವರಲ್ಲಿ ಮೂವರು ದಡ ಸೇರಿದ್ದರು. ಸೇರದವರು ಲೀಲಕ್ಕ. ಹೊಳೆಯ ಎರಡೂ ಕಡೆಯ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವ ದಾದಿ. ಆ ದಿನವೂ ಆಚೆ ದಡದ ಮನೆಯೊಂದರಲ್ಲಿ ಮಗುವನ್ನು ಕೈಗೆ ತೆಗೆದುಕೊಟ್ಟು ಮರಳುತ್ತಿದ್ದವರು. ನಾವು ಜೀಪಿನಲ್ಲಿ ತಲುಪುವಾಗ ರಾತ್ರಿ ಒಂಬತ್ತು ದಾಟಿತ್ತು. ಎರಡೂ ದಡದಲ್ಲಿ ಒಣಗರಿ ಉರಿಸಿದ ಸೂಟೆ, ಲಾಟೀನು, ಜನ. ಅವರಲ್ಲಿ ಅರ್ಧದಷ್ಟು ಮಂದಿಯ ಮಕ್ಕಳು ಲೀಲಕ್ಕನ ಕೈಯಲ್ಲಿ ಹುಟ್ಟಿದವರು.

ಅವರ ಗಂಡ ಶಾಲೆಯ ಮಾಷ್ಟ್ರು. ತೆಳ್ಳಗಿನ ಮನುಷ್ಯ, ಅಂಗಿಯ ಮೇಲೆ ಒದ್ದೆ ಶಾಲು. ಅವರೇ ಮುಂದೆ ಬಂದು ದೋಣಿ ಮಗುಚಿದ ಜಾಗ ತೋರಿಸಿದರು. “ಬದುಕಿಲ್ಲ ಅಂತ ನನಗೆ ಗೊತ್ತುಂಟು,” ಎಂದರು. “ಬೆಳಗಾಗುವಾಗ ನೀರು ಎಲ್ಲಿಗೆ ಕೊಂಡುಹೋಗ್ತದೋ. ಸಿಗದೇ ಹೋದರೆ…”

ಎರಡು ಲಾಟೀನು ಒಂದರ ಮೇಲೊಂದು ಕಟ್ಟಿಸಿ ಇಳಿದೆ. ಹಗ್ಗವನ್ನು ಬಿಗಿ ಹಿಡಿದು ಈ ಬದಿಯಿಂದ ಆ ಬದಿಗೆ ಬಿಲ್ಲಿನ ಹಾಗೆ ತಡವುತ್ತ ಹೋಗುವುದು. ಮೂಸಾಕ ಒಂದು ಮಾರು ಬಿಟ್ಟರೆ ಅದರಾಚೆ ಇನ್ನೊಂದು ಬಿಲ್ಲು. ಮೊದಲ ಸಿಲಿಂಡರು ಮುಗಿಯುವವರೆಗೆ ಸಿಕ್ಕಿದ್ದು ಕಲ್ಲು, ಕೊಂಬೆ, ಒಂದು ಕೊಡೆ. ನಮ್ಮಲ್ಲಿದ್ದದ್ದು ಎರಡೇ ಸಿಲಿಂಡರು. ಎರಡನೆಯದನ್ನು ಕಟ್ಟಿ ಇಳಿದು ಬಂಡೆಗಳ ಸಂದಿಯವರೆಗೆ ಹೋದೆ. ಅಲ್ಲಿ ಸೆಳವು ಕೆಳಗೆ ಎಳೆಯುತ್ತಿತ್ತು. ಕೈ ಚಾಚಿದೆ. ಬಟ್ಟೆ. ಸೀರೆಯ ಅಂಚಿನ ದಪ್ಪ ನೂಲು ಬೆರಳಿಗೆ ಸಿಕ್ಕಿತು. ಮೆಲ್ಲಗೆ ಎಳೆದೆ, ಆ ಕಡೆ ಭಾರವಿತ್ತು.

ಆಗ ಹಗ್ಗ ಮೂರು ಜಗ್ಗಿತು. ಮೂಸಾಕ ಗಡಿಯಾರ ಇಟ್ಟುಕೊಂಡು ನನ್ನ ಗಾಳಿಯಲ್ಲಿ ಹೋಗುವ ಪಾಲು ಮುಗಿದದ್ದನ್ನು ನೋಡಿದ್ದರು.

ಒಂದು ನಿಮಿಷ. ಅಷ್ಟೇ ಬೇಕು ಎಂದು ನನ್ನ ಮನಸ್ಸಿಗೆ ಕಂಡಿತು. ಆ ಬಾವಿಯೊಳಗೂ ಹಾಗೆಯೇ ಕಂಡಿತ್ತು. ಸೊಂಟದಲ್ಲಿದ್ದ ಗುರುತಿನ ದಾರವನ್ನು ಆ ಸೀರೆಯ ಅಂಚಿಗೆ ಗಂಟು ಹಾಕಿ, ಅದರ ಇನ್ನೊಂದು ತುದಿಯ ಖಾಲಿ ಡಬ್ಬಿಯನ್ನು ಮೇಲೆ ಬಿಟ್ಟೆ. ಕೈ ಬಿಡಿಸಿಕೊಂಡು ಬಂದೆ.

ದಂಡೆಯಲ್ಲಿ ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳಿದವನು ನಾನು. ಈ ಸಲ ಮಾಷ್ಟ್ರ ಮುಖ ನೋಡಿಯೇ ಹೇಳಿದೆ: “ಸಿಕ್ಕಿದ್ದಾರೆ ಮಾಷ್ಟ್ರೇ. ಸೀರೆ ಕೈಗೆ ಬಂತು. ಬಿಟ್ಟು ಬಂದೆ. ಗುರುತು ಕಟ್ಟಿದ್ದೇನೆ. ಬಳಸಬಹುದಾದ ಗಾಳಿ ಮುಗಿಯಿತು. ಜೀಪು ಮಂಗಳೂರಿಗೆ ಹೋಗಿ ತುಂಬಿಸಿ ಬರಬೇಕು. ಬೆಳಗಾಗುವಾಗ ತೆಗೀತೇನೆ.”

ಜನ ಒಮ್ಮೆಲೇ ಮೇಲೆ ಬಿದ್ದರು. “ಕೈಗೆ ಸಿಕ್ಕಿದ್ದನ್ನು ಬಿಟ್ಟು ಬಂದದ್ದಾ? ಮನುಷ್ಯನಾ ನೀನು?” “ನಿನ್ನ ಮನೆಯವರಾದರೆ ಬಿಡ್ತಿದ್ದಿಯಾ?” ಒಬ್ಬರು ನನ್ನ ಎದೆಗೆ ಕೈ ಇಟ್ಟು ದೂಡಿದರು. ಮೂಸಾಕ ಹಗ್ಗ ಸುತ್ತುತ್ತ ಎಲ್ಲರ ಬಾಯಿ ನೋಡುತ್ತಿದ್ದರು. ನನ್ನನ್ನು ಕೇಳಿದರು, “ಎಂತ ಹೇಳ್ತಾರೆ ಅವರು?”

ನಾನು ಅನ್ನ ಕಲಸುವ ಹಾಗೆ ಕೈ ಮಾಡಿ ತೋರಿಸಿದೆ. ಊಟ ಆಯಿತಾ ಎಂದು ಕೇಳುತ್ತಾರೆ ಎಂದು. ಮೂಸಾಕ ನನ್ನನ್ನು ದಿಟ್ಟಿಸಿದರು. ನಂಬಲಿಲ್ಲ ಎಂದು ತಿಳಿಯಿತು. ಎದ್ದು ಬಂದು ನನಗೂ ಜನರಿಗೂ ನಡುವೆ ನಿಂತು ಹಗ್ಗ ಸುತ್ತತೊಡಗಿದರು.

ಮಾಷ್ಟ್ರು ಜನರನ್ನು ಸುಮ್ಮನಾಗಿಸಿ ಹತ್ತಿರ ಬಂದರು. “ಮೊದಲು ನೀವು ಉಸಿರು ಕಟ್ಟಿಯೇ ಇಳೀತಿದ್ದಿರಂತೆ. ಜಾಗ ಗೊತ್ತುಂಟಲ್ಲ. ಒಂದೇ ಒಂದು ಸಲ ಇಳೀಬಹುದಾ?”

ಗಟ್ಟಿಯಾಗಿ ಕೇಳಿದ್ದರೆ ಉತ್ತರ ಸುಲಭವಾಗುತ್ತಿತ್ತು. ಅವರು ಕೈ ಮುಗಿದು ಕೇಳಿದರು.

“ಇಳಿಯುದಿಲ್ಲ ಮಾಷ್ಟ್ರೇ,” ಎಂದೆ.

ಅವರು ನೀರಿನ ಅಂಚಿಗೆ ಹೋಗಿ, ಡಬ್ಬಿ ತೇಲುತ್ತಿದ್ದ ಕಡೆಗೆ ಮುಖ ಮಾಡಿ ಕುಳಿತರು. ಬೆಳಗಿನವರೆಗೂ ಏಳಲಿಲ್ಲ. ನಾನೂ ಮಲಗಲಿಲ್ಲ. ನಾನು ಮಾಡಿದ್ದು ಸರಿ ಎಂದು ಆ ರಾತ್ರಿ ನನಗೆ ಒಮ್ಮೆಯೂ ಅನಿಸಲಿಲ್ಲ; ಕೆಲಸದ ನಿಯಮ ಅಂದಮಾತ್ರಕ್ಕೆ ಮನಸ್ಸು ಒಪ್ಪುತ್ತದೆ ಎಂದು ತರುಣರು ತಿಳಿಯಬಾರದು.

ಜೀಪು ಬಂದದ್ದು ಹೊಳೆಯ ಮೇಲೆ ಬೆಳಕು ಬೀಳುವ ಹೊತ್ತಿಗೆ. ದಾರ ಹಿಡಿದು ಇಳಿದೆ. ರಾತ್ರಿಯಲ್ಲಿ ನೀರು ಸ್ವಲ್ಪ ತಿಳಿಯಾಗಿತ್ತು. ಮಬ್ಬು ಹಸಿರು ಬೆಳಕಿನಲ್ಲಿ ಬಂಡೆಗಳು ಕಂಡವು. ಲೀಲಕ್ಕ ಎರಡು ಬಂಡೆಗಳ ಸಂದಿಯಲ್ಲಿದ್ದರು. ಎಲ್ಲಿಂದಲೋ ಹರಿದುಬಂದ ಹಳೆಯ ಮೀನುಬಲೆಯೊಂದು ಅಲ್ಲಿ ಸಿಕ್ಕಿಕೊಂಡು, ಅವರ ಭುಜ, ಕೈ, ಕೂದಲನ್ನೆಲ್ಲ ಸುತ್ತಿತ್ತು. ಬಲೆಯ ಉಳಿದ ಭಾಗ ಸೆಳವಿಗೆ ಬಾಯಿ ತೆರೆದುಕೊಂಡು ಆಡುತ್ತಿತ್ತು. ನಾನು ದಾರ ಕಟ್ಟಿದ ಜಾಗದಿಂದ ಅದು ಒಂದು ಗೇಣು ದೂರ. ಬೆಳಕಿದ್ದೂ, ತುಂಬಿದ ಸಿಲಿಂಡರು ಇದ್ದೂ, ಅದನ್ನು ಕೊಯ್ದು ಬಿಡಿಸಲು ನನಗೆ ಬಹಳ ಹೊತ್ತು ಹಿಡಿಯಿತು. ರಾತ್ರಿ ಇನ್ನೊಂದು ನಿಮಿಷ ಎಳೆದಿದ್ದರೆ ಅಲ್ಲಿ ಇಬ್ಬರು ಇರುತ್ತಿದ್ದೆವು. ಇದು ನನ್ನ ಜಾಣತನ ಎಂದು ಯಾರೂ ತಿಳಿಯಬಾರದು. ಬಲೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮೂಸಾಕರಿಗೂ ಗೊತ್ತಿರಲಿಲ್ಲ. ಅವರು ಕರೆದರು, ನಾನು ಬಂದೆ.

ಮಾಷ್ಟ್ರು ಎದೆಮಟ್ಟದ ನೀರಿಗೆ ನಡೆದು ಬಂದು ಹೆಂಡತಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಲೆಯ ತುಂಡುಗಳು ಇನ್ನೂ ಲೀಲಕ್ಕನ ಕೈಗೆ ಸುತ್ತಿಕೊಂಡಿದ್ದವು. ಅವನ್ನು ಮಾಷ್ಟ್ರೇ ಒಂದೊಂದಾಗಿ ಬಿಡಿಸಿದರು.

ಪೊಲೀಸರ ಮಹಜರು ಮುಗಿದ ಮೇಲೆ ನಾವು ಸಾಮಾನು ಜೀಪಿಗೆ ತುಂಬುತ್ತಿದ್ದಾಗ ಮಾಷ್ಟ್ರು ಬಂದರು.

“ರಾತ್ರಿ ನಾನು ನಿಮ್ಮನ್ನು ಇಳಿಯಲಿಕ್ಕೆ ಕೇಳಿದೆ,” ಎಂದರು.

“ಯಾರಾದರೂ ಕೇಳ್ತಾರೆ ಮಾಷ್ಟ್ರೇ.”

“ನೀವು ಹೂಂ ಅಂದಿದ್ರೆ ನಾನು ಬೇಡ ಅಂತ ಹೇಳ್ತಿರಲಿಲ್ಲ. ಅದನ್ನು ನಿಮಗೆ ಹೇಳಬೇಕು ಅಂತ ಬಂದೆ.”

ದಂಡೆಯಲ್ಲಿ ನಿಂತವರು ಇಳಿ ಎನ್ನುತ್ತಾರೆ. ಅವರದು ತಪ್ಪಲ್ಲ, ಅವರ ಮನುಷ್ಯರು ನೀರಿನಲ್ಲಿದ್ದಾರೆ. ಇಲ್ಲ ಎನ್ನುವ ಕೆಲಸ ಇಳಿಯುವವನದೇ. ಅದನ್ನು ನಾನು ಆ ಬೆಳಿಗ್ಗೆ ತಿಳಿದೆ.

ಮಾಷ್ಟ್ರು ಆ ಬಲೆಯನ್ನು ಕೇಳಿದರು. ನಾನು ಕೊಯ್ದು ತಂದಿದ್ದ ಅಷ್ಟನ್ನೂ ಕೊಟ್ಟೆ. ಹೊಳೆಗೆ ಅದು ಮತ್ತೆ ಬೀಳಬಾರದೆಂದು ಮರಳಿನ ಮೇಲೆ ರಾಶಿ ಹಾಕಿ, ಲಾಟೀನಿನ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಒದ್ದೆ ಬಲೆ ಹೊತ್ತಿಕೊಳ್ಳಲಿಲ್ಲ. ಮತ್ತೊಂದು ಕಡ್ಡಿ ಗೀರಿದರು. ರಾತ್ರಿ ನನ್ನನ್ನು ದೂಡಿದವರೇ ಒಣಗರಿ ತಂದು ಮಂಡಿಯೂರಿ ಊದಿದರು. ಪೂರ್ತಿ ಉರಿದು ಮುಗಿಯುವವರೆಗೆ ಮೂಸಾಕರೂ ನಾನೂ ಜೀಪು ಹತ್ತಲಿಲ್ಲ.